ಹೂಂ ಅನ್ನುವವರು ಬೇಕಾಗಿದ್ದಾರೆ

ಕಾರಿನಲ್ಲಿ ದಾರಿ ಹೇಳುವ ಯಂತ್ರದ ಹೆಂಗಸಿಗೂ ನಾನು ಹೂಂ ಅನ್ನುತ್ತೇನೆ ಎಂಬುದು ನಮ್ಮ ಮನೆಯವರ ಹಳೆಯ ದೂರು. ಮುಂದಿನ ತಿರುವಿನಲ್ಲಿ ಎಡಕ್ಕೆ ಹೋಗಿ ಎಂದು ಆಕೆ ಡಚ್ ಭಾಷೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಸೀಟಿನಿಂದ ನನ್ನ ಹೂಂ ಹೊರಟಿರುತ್ತದೆ. "ಆಕಿ ನಿನಗ ಕಥಿ ಹೇಳ್ಲಿಕ್ಕತ್ತಿಲ್ಲ, ನನಗ ದಾರಿ ತೋರಿಸ್ಲಿಕ್ಕತ್ತಾಳ" ಎಂದು ಅವರು ರೇಗಿಸುತ್ತಾರೆ. ಅದಕ್ಕೂ ನಾನು ಹೂಂ ಅನ್ನುತ್ತೇನೆ.

ಇದು ಚಟವೋ ಸಂಸ್ಕಾರವೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಈ ದೇಶದಲ್ಲಿ ಇದರಿಂದ ನಾನು ಪಟ್ಟ ಪಾಡು ಒಂದೆರಡಲ್ಲ. ಡಚ್ಚರ ಲೆಕ್ಕದಲ್ಲಿ ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಇವೆರಡರ ನಡುವೆ, 'ನಾನು ಕೇಳಿಸಿಕೊಳ್ಳುತ್ತಿದ್ದೇನೆ, ನೀವು ಹೇಳಿ' ಎನ್ನುವುದಕ್ಕೇ ಒಂದು ಸದ್ದು ಇರಬಹುದು ಅಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ನಾನು ಕೆಲಸ ಮಾಡುವುದು ಮಾಸ್ಟ್ರಿಕ್ಟ್‌ನ ಒಂದು ಗ್ರಂಥಾಲಯದಲ್ಲಿ. ಅಲ್ಲಿ ಜೊತೆಯ ಹುಡುಗಿ ಒಮ್ಮೆ ತನ್ನ ಅಕ್ಕನಿಗೆ ಹೆರಿಗೆಯಾದ ಸುದ್ದಿ ಹೇಳಿದಳು. ಹೂಂ ಅಂದೆ. ಮಗು ರಾಟರ್‌ಡ್ಯಾಮಿನಲ್ಲಿದೆ ಅಂದಳು, ಹೂಂ. ಶನಿವಾರ ನೋಡಲು ಹೋಗಬೇಕು ಅಂದಳು, ಹೂಂ. ಆ ದಿನ ಕೌಂಟರಿನಲ್ಲಿ ಕೂರುವವರು ಯಾರಾದರೂ ಬೇಕು ಅಂದಳು. ನಾನು ಕಥೆಯ ಗುಂಗಿನಲ್ಲಿ ಮತ್ತೊಂದು ಹೂಂ ಹಾಕಿದೆ. ಶನಿವಾರ ಬೆಳಿಗ್ಗೆ ನಮ್ಮ ಮನೆಯವರು ದೋಸೆ ತಿನ್ನುತ್ತಿದ್ದಾಗ ನಾನು ಸೈಕಲ್ ತುಳಿಯುತ್ತಿದ್ದೆ.

ಈ ಹೂಂ ನನಗೆ ಅಂಟಿದ್ದು ಧಾರವಾಡದ ಮಾಳಿಗೆಯ ಮೇಲೆ. ಬೇಸಿಗೆ ಬಂತೆಂದರೆ ಅಜ್ಜಿ ಅಲ್ಲಿ ಶಾವಿಗೆ ಮಣೆ ಹೂಡಿಸುತ್ತಿದ್ದಳು. ದೊಡ್ಡವರು ಹೊಸೆಯುತ್ತಿದ್ದರು, ನಾವು ಹುಡುಗರು ಎಳೆಗಳನ್ನು ಕೋಲಿಗೆ ಹಾಕಿ ಒಣಗಿಸಬೇಕು. ಬಿಸಿಲಿಗೆ ನಾವು ಓಡಿಹೋಗಬಾರದೆಂದು ಅಜ್ಜಿ ಕಥೆ ಶುರು ಮಾಡುತ್ತಿದ್ದಳು. "ಒಬ್ಬ ರಾಜಾ ಇದ್ದಾ." ಹೂಂ. "ಅವ್ನ ಸಣ್ಣ ಮಗಾ ಕುದುರಿ ಹತ್ತಿ ಹೊಂಟಾ." ಹೂಂ. "ಹೊಳಿ ದಂಡಿಗೆ ಬಂದಾ." ಇಲ್ಲಿಗೆ ಬರುವಷ್ಟರಲ್ಲಿ ಅಣ್ಣಂದಿರ ಗಮನ ಪಕ್ಕದ ಮನೆಯ ಮಾವಿನ ಮರದ ಕಡೆ ಹರಿದಿರುತ್ತಿತ್ತು. ಹೂಂ ನಿಂತಿತೋ, ಕಥೆಯೂ ನಿಂತಿತು. ಅಜ್ಜಿ ತಲೆ ಎತ್ತುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಹಿಟ್ಟು ನಾದುತ್ತ, "ಹೂಂ ಅನ್ನವ್ರಿಲ್ಲಂದ್ರ ಕುದುರಿ ಎತ್ತಿದ ಕಾಲು ಕೆಳಗ ಇಡಂಗಿಲ್ಲ ನೋಡ್ರಿ" ಅನ್ನುತ್ತಿದ್ದಳು.

ಪಾಪ, ಆ ಕುದುರೆ. ಒಂದು ಕಾಲು ಎತ್ತಿಕೊಂಡು ಹೊಳೆಯ ದಂಡೆಯಲ್ಲಿ ಎಷ್ಟು ಹೊತ್ತು ನಿಂತೀತು? ಅಣ್ಣಂದಿರಿಗೆ ಕಲ್ಲು ಮನಸ್ಸು, ಅವರು ಮಾವಿನಕಾಯಿಗೆ ಹೋಗುತ್ತಿದ್ದರು. ನನಗೆ ಕೈಲಾಗುತ್ತಿರಲಿಲ್ಲ. ಹಾಗಾಗಿ ಕುದುರೆಯ ಕಾಲು ಇಳಿಸುವ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ಸುದ್ದಿ ಮನೆತುಂಬ ಹಬ್ಬಿತು. ಕಾಕಾ ತಮ್ಮ ಹೊಲದ ವ್ಯಾಜ್ಯವನ್ನು, ಅತ್ತೆ ತನ್ನ ಅತ್ತೆಯ ವ್ಯಾಜ್ಯವನ್ನು ನನ್ನ ಮುಂದೆ ತಂದು ಸುರಿಯತೊಡಗಿದರು. ನಾನು ಹೂಂ ಅನ್ನುತ್ತಲೇ ಬೆಳೆದೆ, ಹೂಂ ಅನ್ನುತ್ತಲೇ ಮದುವೆಯೂ ಆದೆ. ನೀನೇ ಏನಾದರೂ ಹೇಳು ಎಂದು ಯಾರೂ ಕೇಳಲಿಲ್ಲ. ಮಗ ಅನಿರುದ್ಧ ಚಿಕ್ಕವನಿದ್ದಾಗ ಆಸೆಪಟ್ಟು ಆ ಕುದುರೆಯ ಕಥೆ ಶುರು ಮಾಡಿದ್ದೆ. ರಾಜಕುಮಾರ ಇನ್ನೂ ಹೊಳೆ ಮುಟ್ಟಿರಲಿಲ್ಲ, ಅವನು ಡಚ್ಚಿನಲ್ಲಿ, "ಅಮ್ಮಾ, ಕೊನೆಗೆ ಏನಾಗ್ತದೋ ಅದಷ್ಟೇ ಹೇಳು" ಅಂದ. ಎಲ್ಲರೂ ಸುಖವಾಗಿದ್ದರು ಅಂದೆ. ಅವನು ಸುಖವಾಗಿ ನಿದ್ದೆ ಹೋದ. ಅಂದಿನಿಂದ ನಾನು ಕಥೆ ಹೇಳುವ ಗೊಡವೆಗೆ ಹೋಗಿರಲಿಲ್ಲ.

ನಮ್ಮ ಮನೆಯವರಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ ಮಾಸ್ಟ್ರಿಕ್ಟ್‌ಗೆ ಬಂದಾಗ ನಮಗೆ ಸಿಕ್ಕಿದ್ದು ಹಳೆಯ ಕಾಲದ ಕಟ್ಟಡದ ಎರಡನೇ ಮಹಡಿ. ಮೆಟ್ಟಿಲುಗಳು ಏಣಿಗಿಂತ ಸ್ವಲ್ಪ ವಾಸಿ. ಗೋಡೆಗಳು ಎಷ್ಟು ದಪ್ಪವೆಂದರೆ ಮನೆಯೊಳಗೆ ಫೋನಿನ ಸಿಗ್ನಲ್ ಬರುತ್ತಿರಲಿಲ್ಲ. ಮೊದಲ ಮಹಡಿಯ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತರೆ ಮಾತ್ರ ಧಾರವಾಡದಿಂದ ಅವ್ವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಆಗ ನನಗೆ ಕೆಲಸವಿರಲಿಲ್ಲ, ಡಚ್ ಬರುತ್ತಿರಲಿಲ್ಲ, ಸಂತೆಗೆ ಹೋದರೆ ಬೆರಳು ತೋರಿಸಿ ಬದನೆಕಾಯಿ ತರುತ್ತಿದ್ದೆ. ಧಾರವಾಡದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಟೀಚರಮ್ಮ ನಾನೇ ಹೌದೋ ಅಲ್ಲವೋ ಎಂಬ ಸಂಶಯ ಬರುತ್ತಿತ್ತು. ದಿನಕ್ಕೊಮ್ಮೆ ಆ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಹೂಂಗುಟ್ಟಿದರೆ ಜೀವಕ್ಕೆ ಸಮಾಧಾನವಾಗುತ್ತಿತ್ತು.

ಒಂದು ದಿನ ಆ ಬಾಗಿಲು ತೆರೆಯಿತು. ಬಿಳಿ ಕೂದಲನ್ನು ಪೆನ್ಸಿಲಿನಿಂದ ಗಂಟು ಹಾಕಿಕೊಂಡ ಒಬ್ಬ ಎತ್ತರದ ಹೆಂಗಸು. ನಾನು ಗಡಬಡಿಸಿ ಎದ್ದೆ, ಗದ್ದಲವಾಯಿತೆಂದು ಬೈಯಲು ಬಂದರೆಂದುಕೊಂಡೆ.

"ನೀವು ದಿನಾ ಯಾರ ಜೊತೆ ಮಾತಾಡುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಮ್ಮ ತಾಯಿಯ ಜೊತೆ."

"ನೀವು ಮಾತಾಡುವುದೇ ಇಲ್ಲವಲ್ಲ. ಬರೀ ಒಂದು ಸದ್ದು ಮಾಡುತ್ತೀರಿ. ಅದೇನು?"

ಹೂಂ ಅಂದರೆ ಏನೆಂದು ಇಂಗ್ಲಿಷಿನಲ್ಲಿ ವಿವರಿಸುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಕೊನೆಗೆ ಶಾವಿಗೆ, ಅಜ್ಜಿ, ಕುದುರೆ ಎಲ್ಲವನ್ನೂ ಎಳೆದು ತಂದೆ. ಅವರು ಬಾಗಿಲಿಗೆ ಒರಗಿ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆ ಇದು: "ನಿಮಗೆ ಜರ್ಮನ್ ಬರುತ್ತದೆಯೇ?"

"ಇಲ್ಲ."

"ಸ್ವಲ್ಪವೂ?"

"ಒಂದಕ್ಷರವೂ ಇಲ್ಲ."

ಅವರ ಮುಖ ಅರಳಿತು. ನಾನು ಈ ಖಂಡಕ್ಕೆ ಬಂದಾಗಿನಿಂದ ಎಷ್ಟೋ ಜನ ಎಷ್ಟೋ ಭಾಷೆಗಳ ಬಗ್ಗೆ ಈ ಪ್ರಶ್ನೆ ಕೇಳಿದ್ದರು, ಇಲ್ಲ ಅಂದಾಗ ಎಲ್ಲರ ಮುಖವೂ ಬಾಡಿತ್ತು. ನನಗೊಂದು ವಿಷಯ ಬರುವುದಿಲ್ಲ ಎಂಬ ಕಾರಣಕ್ಕೆ ಸಂತೋಷಪಟ್ಟವರು ಇವರೊಬ್ಬರೇ. "ಒಳಗೆ ಬನ್ನಿ" ಅಂದರು.

ಅವರ ಹೆಸರು ಹೆಡ್ವಿಗ್. ಆಸ್ಟ್ರಿಯಾದ ಒಂದು ಗುಡ್ಡದ ಹಳ್ಳಿಯಲ್ಲಿ ಹುಟ್ಟಿ, ಚರ್ಚುಗಳ ಆರ್ಗನ್ ವಾದ್ಯ ರಿಪೇರಿ ಮಾಡುವ ಡಚ್ಚರೊಬ್ಬರನ್ನು ಮದುವೆಯಾಗಿ ಈ ಊರಿಗೆ ಬಂದವರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇವರು ಕಾದಂಬರಿಕಾರ್ತಿ, ಬರೆಯುವುದು ಜರ್ಮನ್ ಭಾಷೆಯಲ್ಲಿ. ಪುಸ್ತಕಗಳು ದೂರದ ವಿಯೆನ್ನಾದಲ್ಲಿ ಅಚ್ಚಾಗುತ್ತಿದ್ದವು, ಆದ್ದರಿಂದ ನಮ್ಮ ಬೀದಿಯಲ್ಲಿ ಅವರು ಲೇಖಕಿ ಎಂದು ಯಾರಿಗೂ ತಿಳಿದಿರಲಿಲ್ಲ. ಚೀಸ್ ಅಂಗಡಿಯವನಿಗೆ ಅವರು 'ಇನ್ನೂ ತೆಳ್ಳಗೆ ಕತ್ತರಿಸು' ಎಂದು ಜೀವ ಹಿಂಡುವ ಅಜ್ಜಿ, ಅಷ್ಟೇ.

ಅವರ ಎಲ್ಲ ಕಾದಂಬರಿಗಳೂ ಆ ಗುಡ್ಡದ ಹಳ್ಳಿಯಲ್ಲೇ ನಡೆಯುವಂಥವು. ಹಾಗಾದರೆ ಊರಿಗೇ ಹೋಗಿ ಇರಬಹುದಲ್ಲ ಎಂದು ನಾನೊಮ್ಮೆ ಕೇಳಿದೆ. "ಅಲ್ಲಿಗೆ ಹೋದರೆ ಅಲ್ಲಿಯ ಜನ ನನ್ನ ಜೊತೆ ಇವತ್ತಿನ ಭಾಷೆಯಲ್ಲಿ ಮಾತಾಡುತ್ತಾರೆ. ನನ್ನ ಕಿವಿಯಲ್ಲಿ ಇರುವುದು ನಮ್ಮಮ್ಮನ ಭಾಷೆ. ಅದು ಕೆಟ್ಟುಹೋಗುತ್ತದೆ" ಅಂದರು. ನನಗೆ ತಟ್ಟನೆ ಅರ್ಥವಾಯಿತು. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಬಾರದು ಎಂದು ನಮ್ಮವ್ವ ಅನ್ನುವುದೂ ಇದನ್ನೇ. ನನ್ನ ಕನ್ನಡವೂ ಅಂಥ ಜಾಡಿಯಲ್ಲೇ ಇದೆ. ಹೋದ ಸಲ ಧಾರವಾಡಕ್ಕೆ ಹೋದಾಗ ನನ್ನ ಮಾತು ಕೇಳಿದ ಆಟೋದವನು, "ಬಾಯಾರ, ನಮ್ಮ ಆಯಿ ಮಾತಾಡಿಧಂಗ ಮಾತಾಡ್ತೀರಲ್ರಿ" ಅಂದಿದ್ದ. ಅವನು ನನಗಿಂತ ನಾಲ್ಕೈದು ವರ್ಷ ಚಿಕ್ಕವನಿರಬಹುದು.

ಹೆಡ್ವಿಗ್ ಬರೆಯುವ ರೀತಿಯೇ ಬೇರೆ. ಬರೆದದ್ದನ್ನು ಯಾರಿಗಾದರೂ ಗಟ್ಟಿಯಾಗಿ ಓದಬೇಕು, ಆದರೆ ಕೇಳುವವರಿಗೆ ಅದು ಅರ್ಥವಾಗಬಾರದು. "ಅರ್ಥವಾದವರು ಕಥೆಯನ್ನು ಹೊಗಳುತ್ತಾರೆ, ಇಲ್ಲವೇ ನನ್ನನ್ನು ಸಮಾಧಾನ ಮಾಡುತ್ತಾರೆ. ಅರ್ಥವಾಗದವರ ಮುಖ ನೋಡಿದರೆ ಮಾತ್ರ ವಾಕ್ಯ ಸರಾಗವಾಗಿ ನಡೆಯುತ್ತಿದೆಯೋ ಕುಂಟುತ್ತಿದೆಯೋ ತಿಳಿಯುತ್ತದೆ" ಎಂಬುದು ಅವರ ವಾದ. ಆದರೆ ಮಾಸ್ಟ್ರಿಕ್ಟ್‌ನಲ್ಲಿ ಅಂಥವರು ಎಲ್ಲಿ ಸಿಗಬೇಕು? ಜರ್ಮನಿಯ ಗಡಿ ಕೂಗಳತೆಯಲ್ಲಿದೆ. ಇಲ್ಲಿಯ ಜನ ಪೆಟ್ರೋಲಿಗೂ ಶಾಂಪೂವಿಗೂ ಗಡಿ ದಾಟಿ ಹೋಗಿಬರುತ್ತಾರೆ. ಇಲ್ಲಿ ಜರ್ಮನ್ ಅರ್ಥವಾಗದ ವಯಸ್ಕರನ್ನು ಹುಡುಕುವುದು ಧಾರವಾಡದಲ್ಲಿ ಪೇಢೆ ತಿನ್ನದವರನ್ನು ಹುಡುಕಿದಂತೆ. ಗಂಡ ಇದ್ದಷ್ಟು ಕಾಲ ಅವರೇ ಎದುರು ಕೂರುತ್ತಿದ್ದರಂತೆ. "ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ಆಗುವುದಿಲ್ಲ ಎಂದು ಜೀವನಪೂರ್ತಿ ನಟಿಸಿದರು" ಎಂದು ಹೆಡ್ವಿಗ್ ಹೇಳಿದರು. ಗಂಡ ಹೋದಮೇಲೆ ಹೊಸ ಕಾದಂಬರಿ ಅರ್ಧಕ್ಕೇ ನಿಂತಿತ್ತು.

ಹೀಗೆ ನನಗೆ ಯುರೋಪಿನಲ್ಲಿ ಮೊದಲ ಕೆಲಸ ಸಿಕ್ಕಿತು. ಮಂಗಳವಾರ ಮತ್ತು ಶುಕ್ರವಾರ ನಾಲ್ಕು ಗಂಟೆಗೆ. ಸಂಬಳವೆಂದರೆ ಒಂದು ಕಪ್ ಕಾಫಿ, ಒಂದು ಬಿಸ್ಕತ್ತು. ಒಂದೇ ಒಂದು. ತಗಡಿನ ಡಬ್ಬಿ ತೆರೆಯುವುದು, ನಾನು ಒಂದು ತೆಗೆದುಕೊಳ್ಳುವುದು, ಡಬ್ಬಿ ಟಪ್ಪೆಂದು ಮುಚ್ಚುವುದು. ಆಸ್ಟ್ರಿಯಾದಿಂದ ಬಂದವರು ಹಾಲೆಂಡಿನಿಂದ ಕಲಿತದ್ದು ಇದೊಂದನ್ನೇ ಇರಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ನಮ್ಮ ಕಡೆ ಬಂದವರಿಗೆ ಡಬ್ಬಿಯನ್ನೇ ಕೈಗೆ ಕೊಟ್ಟು, ಇನ್ನೊಂದು ತಗೊಳ್ರಿ ಎಂದು ಜಗಳ ತೆಗೆಯದಿದ್ದರೆ ಅದು ಆತಿಥ್ಯವೇ ಅಲ್ಲ.

ಅವರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಸುಮ್ಮನೆ ಕೂರುವುದು ಸಾಧ್ಯವೇ? ವಾಕ್ಯ ಮುಗಿಯುತ್ತಿದ್ದ ಹಾಗೆ ತಾನಾಗಿ ಹೂಂ ಬರುತ್ತಿತ್ತು. ಮೊದಲ ದಿನ ಅವರು ಹುಬ್ಬು ಗಂಟಿಕ್ಕಿದರು. ಎರಡನೇ ಸಲ ಓದುವುದನ್ನು ನಿಲ್ಲಿಸಿ, "ಈ ವಾಕ್ಯಕ್ಕೆ ಯಾಕೆ ಅನ್ನಲಿಲ್ಲ?" ಎಂದು ಕೇಳಿದರು. ನನಗೇನು ಗೊತ್ತು? ವಾಕ್ಯ ಮುಗಿಯಿತೆಂದು ನನಗೆ ಅನ್ನಿಸಿರಲಿಲ್ಲ ಅಂದೆ. ಅವರು ಆ ಸಾಲನ್ನು ತುಟಿಯಲ್ಲೇ ಮತ್ತೊಮ್ಮೆ ಅಂದುಕೊಂಡು, ತಲೆಯಿಂದ ಪೆನ್ಸಿಲ್ ಎಳೆದು, ಕೂದಲು ಹೆಗಲ ಮೇಲೆ ಬಿದ್ದದ್ದೂ ಗೊತ್ತಾಗದೆ ಪಕ್ಕದಲ್ಲಿ ಒಂದು ಗೀಟು ಹಾಕಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಹೂಂ ಬಂದಲ್ಲಿ ವಾಕ್ಯ ಪಾಸು. ಬರದಿದ್ದಲ್ಲಿ ಗೀಟು. ಮುಂದಿನ ಸಲ ಅದೇ ಪುಟ ಮತ್ತೆ ಓದುತ್ತಿದ್ದರು, ಈ ಸಲ ಹೂಂ ಬಿತ್ತೆಂದರೆ ಅವರಿಗೆ ಆನಂದ.

ನನಗೆ ಕೋಡು ಮೂಡಿತು. ನಾನು ಇಲ್ಲಿ ಜರ್ಮನ್ ಕಾದಂಬರಿ ತಿದ್ದುತ್ತಿದ್ದೇನೆ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ನಿನಗ ಜರ್ಮನ್ ಯಾವಾಗ ಬಂತವಾ?"

"ಬರೂದಿಲ್ಲಬೇ. ಬರೂದಿಲ್ಲಂತನ ಇಟ್ಕೊಂಡಾರ."

ಅವ್ವ ಒಂದು ಗಳಿಗೆ ಯೋಚಿಸಿ, "ಇರಲಿ ತಗೋ. ನಿಮ್ಮಪ್ಪನೂ ಆಫೀಸಿನ್ಯಾಗ ಹಂಗನ ದೊಡ್ಡ ಸಾಹೇಬ ಆದ್ರು" ಅಂದಳು.

ಆ ವರ್ಷ ಪೂರ್ತಿ ನಾನು ಸುಖವಾಗಿದ್ದೆ. ಯಾರಿಗೂ ನನ್ನಿಂದ ಏನೂ ಆಗಬೇಕಾಗಿಲ್ಲದ ಊರಿನಲ್ಲಿ, ಒಬ್ಬರಿಗೆ ನಾನು ವಾರಕ್ಕೆರಡು ಸಲ ನಿಜವಾಗಿ ಬೇಕಾಗಿದ್ದೆ. ಅದು ಹೋಗಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಆಗಲೇ ಒಳಗೊಳಗೆ ಶುರುವಾಗಿತ್ತು, ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಮನೆಯವರು ನನ್ನನ್ನು ಡಚ್ ತರಗತಿಗೆ ಸೇರಿಸಿದರು. ಈ ದೇಶದಲ್ಲಿ ಖಾಯಂ ಉಳಿಯಬೇಕಾದರೆ ಇನ್‌ಬರ್ಗರಿಂಗ್ ಎಂಬ ಪರೀಕ್ಷೆ ಪಾಸು ಮಾಡಬೇಕು. ಅದಕ್ಕೆ ಡಚ್ ಬೇಕು. ಡಚ್ಚೂ ಜರ್ಮನ್ನೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮೊದಲು ಒಂದು ಶುಕ್ರವಾರ ಹೆಡ್ವಿಗ್ ಓದುತ್ತಿದ್ದಾಗ 'ಮನೆ' ಕೇಳಿಸಿತು. ನಾನು ಬೆಚ್ಚಿಬಿದ್ದೆ. ಆಮೇಲೆ 'ನೀರು'. ಆಮೇಲೆ 'ತಾಯಿ', 'ರೊಟ್ಟಿ', 'ಚಳಿಗಾಲ'. ಬೇಸಿಗೆಯಲ್ಲಿ ಕೆರೆಯ ನೀರು ಇಳಿದ ಹಾಗೆ ಒಂದೊಂದೇ ಕಲ್ಲು ತಲೆ ಎತ್ತುತ್ತಿತ್ತು. ಕೇಳಿಸದ ಹಾಗೆ ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಕಿಟಕಿಯಾಚೆ ಮಾಸ್ ನದಿಯ ದೋಣಿಗಳನ್ನು ನೋಡಿದೆ, ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಿದೆ. ಮಗ್ಗಿ ಹೇಳುತ್ತ ಹೂಂ ಅಂದರೆ ಅದು ತಪ್ಪು ಜಾಗದಲ್ಲಿ ಬೀಳುತ್ತಿತ್ತು, ಅವರು ಚೆನ್ನಾಗಿದ್ದ ವಾಕ್ಯಕ್ಕೆ ಗೀಟು ಹಾಕುತ್ತಿದ್ದರು.

"ಡಚ್ ಕ್ಲಾಸ್ ಬಿಟ್ಟುಬಿಡ್ಲೇನ್ರಿ?" ಎಂದು ಮನೆಯಲ್ಲಿ ಕೇಳಿದೆ.

"ಬಿಡು. ಹೆಡ್ವಿಗ್ ಬಾಯಾರ ಕಾದಂಬರಿ ಸಲುವಾಗಿ ನಾವೆಲ್ಲಾ ಧಾರವಾಡಕ್ಕ ವಾಪಸ್ ಹೊಂಟೇವಂತ ವಲಸೆ ಆಫೀಸಿಗೆ ಬರದು ಕೊಡು" ಅಂದರು ನಮ್ಮ ಮನೆಯವರು. ಅವರ ಗೇಲಿಯ ಹಿಂದೆ ನ್ಯಾಯವಿತ್ತು. ನಾನು ಕ್ಲಾಸಿಗೆ ಹೋದೆ. ಪರೀಕ್ಷೆ ಪಾಸಾದೆ. ಗ್ರಂಥಾಲಯದ ಕೆಲಸವೂ ಸಿಕ್ಕಿತು. ಎಲ್ಲರೂ ಅಭಿನಂದಿಸಿದರು, ನನಗೆ ಮಾತ್ರ ಮುಂದಿನ ಮಂಗಳವಾರದ ಹೆದರಿಕೆ.

ಕಾದಂಬರಿಯ ಕೊನೆಯ ಅಧ್ಯಾಯವಷ್ಟೇ ಉಳಿದಿತ್ತು. ಆ ಮಂಗಳವಾರ ಅವರು ಓದಿದ್ದು ಹಳ್ಳಿಯ ಒಬ್ಬ ಮುದುಕನ ಶವಸಂಸ್ಕಾರದ ಪ್ರಸಂಗ. ಚರ್ಚಿನ ಗಂಟೆ ಬಾರಿಸುವವನು ಅವಸರದಲ್ಲಿದ್ದಾನೆ, ಬೇಗಬೇಗ ಬಾರಿಸುತ್ತಾನೆ. ಮುದುಕನ ಹೆಂಡತಿ ಹೆಣದ ಪಕ್ಕದಿಂದ ಎದ್ದು ಹೋಗಿ ಅವನ ತೋಳು ಹಿಡಿದುಕೊಂಡು ಹೇಳುತ್ತಾಳೆ: "ನಿಧಾನ, ತಮ್ಮಾ. ಅವರು ಬದುಕಿದ್ದಾಗಲೂ ಯಾವುದಕ್ಕೂ ಅವಸರ ಮಾಡಿದವರಲ್ಲ. ಊಟಕ್ಕೆ ಕರೆದರೂ ಸಾರು ಆರಿದ ಮೇಲೇ ಬರುತ್ತಿದ್ದರು."

ನಾನು ನಕ್ಕುಬಿಟ್ಟೆ. ನಮ್ಮ ಕಾಕಾ ಹಾಗೇ ಇದ್ದರು.

ಹೆಡ್ವಿಗ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೆ ಅರ್ಥವಾಯಿತು" ಅಂದರು.

"ಸ್ವಲ್ಪ."

"ಸರಿಯಾದ ಜಾಗದಲ್ಲಿ ನಕ್ಕಿರಿ. ಸ್ವಲ್ಪ ಅಲ್ಲ."

"ನಾನು ಆಗದವಳ ಹಾಗೆ ಕೂತಿರುತ್ತೇನೆ. ನಿಮ್ಮ ಯಜಮಾನರು ಕೂರುತ್ತಿದ್ದರಲ್ಲ."

"ಅವರು ನನ್ನ ಗಂಡ. ಅದು ಅವರ ಕರ್ಮ" ಎಂದು ಹೆಡ್ವಿಗ್ ನಕ್ಕರು. ಆಮೇಲೆ ಡಬ್ಬಿಯನ್ನು ಎರಡನೇ ಸಲ ತೆರೆದು ನನ್ನ ಮುಂದೆ ಹಿಡಿದರು. ನನ್ನ ಕೆಲಸ ಹೋಯಿತೆಂದು ಆಗ ಖಚಿತವಾಯಿತು. ಆ ಎರಡನೇ ಬಿಸ್ಕತ್ತನ್ನು ಕೈಯಲ್ಲೇ ಹಿಡಿದುಕೊಂಡು ಎದ್ದೆ. ಮೆಟ್ಟಿಲು ಹತ್ತುವಾಗ ಅಳು ಬಂತು. ಪರೀಕ್ಷೆ ಪಾಸಾದದ್ದಕ್ಕೆ ಅತ್ತವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು.

ಆದರೆ ಕಾದಂಬರಿ ನಿಲ್ಲುವಂತಿರಲಿಲ್ಲ. ಕೊನೆಯ ಅಧ್ಯಾಯ ಮುಗಿಯದೆ ಹೆಡ್ವಿಗ್ ಚೀಸ್ ಅಂಗಡಿಗೆ ಹೋಗುವುದನ್ನೂ ಬಿಟ್ಟರು. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ನನಗೆ ಹೂಂ ಕಲಿಸಿದ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ಜರ್ಮನ್ ಡಚ್ ಹೋಗಲಿ, ಇಂಗ್ಲಿಷೂ ಬರುವುದಿಲ್ಲ ಅಂದೆ. ಶುಕ್ರವಾರ ಅದೇ ಮೆಟ್ಟಿಲ ಬಳಿ, ಅವರ ಬಾಗಿಲ ಮುಂದೆ ಕುರ್ಚಿ ಹಾಕಿದೆವು. ಫೋನಿನಲ್ಲಿ ಅವ್ವ ಮೂಡಿದಳು, ಧಾರವಾಡದ ಅಡುಗೆಮನೆ, ಕೈಯಲ್ಲಿ ಮೆಂತೆಸೊಪ್ಪು.

"ಏನಂತಾರವಾ ಈ ಬಾಯಾರು?"

"ಕಥಿ ಹೇಳ್ತಾರಬೇ. ನೀ ಹೂಂ ಅಂದ್ರ ಸಾಕು. ನಡುವ ಏನೂ ಕೇಳಬ್ಯಾಡ."

"ಕಥಿ ಅಂದಮ್ಯಾಲ ಕೇಳಬಾರದು ಅಂದ್ರ ಹೆಂಗ?" ಎಂದು ಗೊಣಗಿದರೂ ಅವ್ವ ಕೂತಳು. ಹೆಡ್ವಿಗ್ ಓದಿದರು. ಅವ್ವನ ಹೂಂ ನನ್ನದಕ್ಕಿಂತ ಪಳಗಿದ್ದು. ಗಟ್ಟಿ ಹೂಂ, ಸಣ್ಣ ಹೂಂ, ಸೊಪ್ಪಿನ ಕಡ್ಡಿ ಮುರಿಯುತ್ತಾ ಅರ್ಧ ಹೂಂ. ವಾಕ್ಯ ಕುಂಟಿದರೆ ಸೊಪ್ಪು ಬಿಡಿಸುವ ಕೈ ನಿಲ್ಲುತ್ತಿತ್ತು. ಹೆಡ್ವಿಗ್ ಅದನ್ನೂ ಗಮನಿಸಿ ಗೀಟು ಹಾಕಿದರು. ಶವಸಂಸ್ಕಾರದ ಪುಟ ಓದುವಾಗ ಅವ್ವ, "ಯಾರೋ ತೀರ್ಕೊಂಡ್ರೇನ?" ಎಂದು ನನ್ನನ್ನು ಕೇಳಿದಳು. ಅದು ಅವಳಿಗೆ ಹೇಗೆ ತಿಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ. ನಾನದನ್ನು ಹೆಡ್ವಿಗ್‌ಗೆ ಹೇಳಲಿಲ್ಲ, ಹೇಳಿದ್ದರೆ ಅವ್ವನ ಕೆಲಸವೂ ಹೋಗುತ್ತಿತ್ತು.

ಪಾಸ್‌ಪೋರ್ಟೇ ಇಲ್ಲದ ನನ್ನ ಅವ್ವ ಹೀಗೆ ಮೆಂತೆಸೊಪ್ಪು ಸೋಸುತ್ತ ಒಂದು ಜರ್ಮನ್ ಕಾದಂಬರಿ ಮುಗಿಸಿಕೊಟ್ಟಳು. ನಾನು ಮೇಲಿನ ಮೆಟ್ಟಿಲಲ್ಲಿ ಕೂತು ಅವರಿಬ್ಬರನ್ನು ನೋಡುತ್ತಿದ್ದೆ. ಸಂತೋಷವಾಗುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೆಟ್ಟದ್ದಂತೂ ಕೆಟ್ಟಿತು, ಇನ್ನು ಅರ್ಧಂಬರ್ಧ ಯಾಕೆ ಎಂದು ನಾನು ಗ್ರಂಥಾಲಯದ ಸಂಜೆಯ ಜರ್ಮನ್ ತರಗತಿಗೇ ಸೇರಿಕೊಂಡೆ.

ಪುಸ್ತಕ ಬಂದಿತು. ನಮ್ಮ ಗ್ರಂಥಾಲಯದಲ್ಲೇ ಒಂದು ವಾಚನ ಇಟ್ಟುಕೊಂಡರು. ಕುರ್ಚಿ ಹಾಕಿದವಳು ನಾನೇ. ಗಡಿಯಾಚೆಯಿಂದಲೂ ಜನ ಬಂದಿದ್ದರು, ಬಹುಪಾಲು ಬಿಳಿಕೂದಲಿನವರು. ಚೀಸ್ ಅಂಗಡಿಯವನು ಹೊಸ ಕೋಟು ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದ, ಮುಖದಲ್ಲಿ ಇನ್ನೂ ಬೆರಗು ಆರಿರಲಿಲ್ಲ. ನಾನು ಹಿಂದಿನ ಗೋಡೆಗೆ ಒರಗಿ ನಿಂತೆ.

ಹೆಡ್ವಿಗ್ ಆರಿಸಿಕೊಂಡದ್ದು ಆ ಗಂಟೆಯ ಪ್ರಸಂಗವನ್ನೇ. ಮೊದಲ ವಾಕ್ಯ ಓದಿ ನಿಲ್ಲಿಸಿದರು. ಸಭೆ ನಿಶ್ಶಬ್ದ. ಇಲ್ಲಿಯ ಸಭೆಗಳ ಮರ್ಯಾದೆಯೇ ಅದು, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ಎರಡನೇ ವಾಕ್ಯ ಓದಿದರು. ಮತ್ತೆ ನಿಂತರು. ಈ ಸಲ ಇನ್ನೂ ಹೆಚ್ಚು ಹೊತ್ತು. ಸಾಲು ತಪ್ಪಿತೇನೋ ಎಂದು ಮುಂದಿದ್ದ ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ನಮ್ಮ ಗ್ರಂಥಪಾಲಕಿ ನೀರಿನ ಲೋಟ ಹಿಡಿದು ಎದ್ದಳು.

ಅವರಿಗೆ ನೀರು ಬೇಕಾಗಿರಲಿಲ್ಲ. ಏನು ಬೇಕೆಂದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ. ಆ ಕೆಲಸದಿಂದ ನನ್ನನ್ನು ತೆಗೆದುಹಾಕಿದ್ದರು. ಈಗ ನನಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು. ಜೊತೆಗೆ ಇಷ್ಟು ಜನ ಸಭ್ಯರ ನಡುವೆ ಗಂಟಲಿನಿಂದ ಸದ್ದು ಹೊರಡಿಸಿದರೆ ನಾಳೆ ಕೌಂಟರಿನಲ್ಲಿ ಮುಖ ಹೇಗೆ ತೋರಿಸುವುದು? ಹಾಗೆ ಅಂದುಕೊಳ್ಳುತ್ತಿರುವಾಗಲೇ ಹೊಳೆಯ ದಂಡೆಯ ಕುದುರೆ ಕಣ್ಣೆದುರು ಬಂತು, ಒಂದು ಕಾಲು ಎತ್ತಿಕೊಂಡು.

"ಹೂಂ" ಅಂದೆ.

ಧಾರವಾಡದ ಹೂಂ, ಮಾಳಿಗೆಯಿಂದ ಅಂಗಳಕ್ಕೆ ಕೇಳಿಸುವಂಥದ್ದು. ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಹೆಡ್ವಿಗ್ ತಲೆ ಎತ್ತಲಿಲ್ಲ. ಮೂರನೇ ವಾಕ್ಯ ಓದಿದರು. ಹೂಂ. ನಾಲ್ಕನೆಯದು. ಹೂಂ. ಗ್ರಂಥಪಾಲಕಿ ಲೋಟ ಹಿಡಿದುಕೊಂಡೇ ಕೂತಳು. ಗಂಟೆಯವನು ಬಂದ, ಮುದುಕಿ ಎದ್ದಳು, ಅವನ ತೋಳು ಹಿಡಿದಳು. ಚೀಸ್ ಅಂಗಡಿಯವನು ಉತ್ಸಾಹ ತಡೆಯಲಾರದೆ ತಾನೂ ಒಂದು ಹೂಂ ಹಾಕಿದ, ಅದು ವಾಕ್ಯದ ನಟ್ಟನಡುವೆ ಬಿತ್ತು. ಹೆಡ್ವಿಗ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿದ ನೋಟಕ್ಕೆ ಅವನು ಇನ್ನು ಜನ್ಮದಲ್ಲಿ ಚೀಸ್ ದಪ್ಪಗೆ ಕತ್ತರಿಸಲಾರ. ಸಾರು ಆರುವ ಮಾತು ಬಂದಾಗ ಇಡೀ ಸಭೆ ನಕ್ಕಿತು. ನನಗೆ ನಗು ಬರಲಿಲ್ಲ, ಕಣ್ಣು ಮಂಜಾಯಿತು. ಆ ಮುದುಕ ಆರ್ಗನ್ ರಿಪೇರಿ ಮಾಡುತ್ತಿದ್ದ ಹೆಡ್ವಿಗ್ ಅವರ ಗಂಡನೇ ಎಂದು ಈಗ ನನಗೆ ಅರ್ಥವಾಗಿತ್ತು.

ಮನೆಗೆ ಮರಳುವಾಗ ಹಳೆಯ ಸೇತುವೆಯ ಮೇಲೆ ಹೆಡ್ವಿಗ್ ನನ್ನ ತೋಳಿಗೆ ಒರಗಿ ನಡೆದರು. "ಕೊನೆಯಲ್ಲಿ ನಿಮ್ಮ ಹೂಂ ತಡವಾಯಿತು" ಅಂದರು.

"ಅರ್ಥವಾಗಿಬಿಟ್ಟಿತು."

"ಗೊತ್ತಾಯಿತು. ಶುಕ್ರವಾರ ನಾಲ್ಕು ಗಂಟೆಗೆ ಬನ್ನಿ."

ಶುಕ್ರವಾರ ಹೋದೆ. ಮೇಜಿನ ಮೇಲೆ ಹಸ್ತಪ್ರತಿ ಇರಲಿಲ್ಲ. ಬಿಸ್ಕತ್ತಿನ ಡಬ್ಬಿ ಮುಚ್ಚಳವಿಲ್ಲದೆ ಕೂತಿತ್ತು. ಹೊಸ ಕಾದಂಬರಿ ಶುರುವಾಯಿತೇ ಎಂದು ಕೇಳಿದೆ. ಇಲ್ಲ, ಸದ್ಯಕ್ಕೆ ಹೇಳುವುದೆಲ್ಲ ಹೇಳಿಯಾಯಿತು ಅಂದರು. ಯಾವಾಗಲೂ ತಾವು ಕೂರುವ ಕಿಟಕಿಯ ಕುರ್ಚಿಯನ್ನು ನನಗೆ ತೋರಿಸಿ, ನನ್ನ ಕುರ್ಚಿಯಲ್ಲಿ ತಾವು ಕೂತರು.

"ಆ ಕುದುರೆಯ ಕಥೆ. ಮೊದಲ ದಿನ ಬಾಗಿಲಲ್ಲಿ ಅರ್ಧ ಹೇಳಿದಿರಿ. ಹೇಳಿ."

"ಇಂಗ್ಲಿಷಿನಲ್ಲಿ ಅದು ಚೆನ್ನಾಗಿ ಬರುವುದಿಲ್ಲ."

"ನಿಮ್ಮ ಭಾಷೆಯಲ್ಲೇ ಹೇಳಿ."

"ನಿಮಗೆ ಒಂದಕ್ಷರವೂ ಅರ್ಥವಾಗುವುದಿಲ್ಲವಲ್ಲ."

"ಅದಕ್ಕೇ" ಅಂದರು.

ಕಾಫಿ ಕುಡಿದೆ, ಬಿಸ್ಕತ್ತು ತಿಂದೆ, ಇನ್ನೊಂದು ತಿಂದೆ. ಅವರು ಅವಸರ ಮಾಡಲಿಲ್ಲ. ಕೊನೆಗೆ, "ಒಬ್ಬ ರಾಜಾ ಇದ್ದಾ" ಅಂದೆ. ನನ್ನ ದನಿ ನನಗೇ ಅಜ್ಜಿಯದರ ಹಾಗೆ ಕೇಳಿಸಿತು. "ಅವ್ನ ಸಣ್ಣ ಮಗಾ ಕುದುರಿ ಹತ್ತಿ ಹೊಂಟಾ. ಹೊಳಿ ದಂಡಿಗೆ ಬಂದಾ." ಇಲ್ಲಿಗೆ ಬಂದು ನಿಲ್ಲಿಸಿದೆ. ಕುದುರೆ ಕಾಲೆತ್ತಿತು.

ಎದುರಿನ ಕುರ್ಚಿಯಿಂದ ಹೆಡ್ವಿಗ್, "ಹೂಂ" ಅಂದರು.